ಮಾವನ ಕಾರಿನ ಕಣ್ಣಿಗೆ ಕಾಡಿಗೆ

ಅರಸೀಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ನಾನು ಭೌತಶಾಸ್ತ್ರ ಹೇಳಿಕೊಡುತ್ತೇನೆ. ಬೆಳಕಿನ ಪ್ರತಿಫಲನ ಎಂಬ ಪಾಠವನ್ನು ಇಪ್ಪತ್ತು ವರ್ಷದಿಂದ ಒಂದೇ ಧಾಟಿಯಲ್ಲಿ, ಒಂದೇ ಜಾಗದಲ್ಲಿ ಕೆಮ್ಮಿ, ಒಂದೇ ಉದಾಹರಣೆ ಕೊಟ್ಟು ಮಾಡುತ್ತಾ ಬಂದಿದ್ದೇನೆ. ಆ ಉದಾಹರಣೆ ಕಾರಿನ ಹೆಡ್‌ಲೈಟು. ಬಲ್ಬಿನ ಹಿಂದೆ ಬಟ್ಟಲಿನಂಥ ಒಂದು ಕನ್ನಡಿ ಇರುತ್ತದೆ, ಬಲ್ಬಿನ ಬೆಳಕನ್ನೆಲ್ಲ ಬಾಚಿ ರಸ್ತೆಗೆ ಎಸೆಯುವುದು ಅದೇ, ಅದಿಲ್ಲದಿದ್ದರೆ ಎಂಥಾ ಬಲ್ಬೂ ದೇವರಮನೆಯ ದೀಪಕ್ಕಿಂತ ಹೆಚ್ಚಲ್ಲ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಈ ಪಾಠದಲ್ಲಿ ನನ್ನ ವಿದ್ಯಾರ್ಥಿಗಳು ಫೇಲಾಗುವುದು ಕಡಿಮೆ. ಫೇಲಾದವನು ನಾನು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತ ನನ್ನ ಅತ್ತೆ ಆಗಾಗ ಅನ್ನುತ್ತಿದ್ದದ್ದು ಬೇರೆಯವರ ವಿಷಯಕ್ಕೆ ಎಂದುಕೊಂಡಿದ್ದೆ.

ನನ್ನ ಮಾವನವರದು ಹಾರನಹಳ್ಳಿ. ತೆಂಗು ಬೆಳೆದು, ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಉಂಡೆ ಕೊಬ್ಬರಿ ಮಾಡಿ ಅರಸೀಕೆರೆಯ ಮಾರುಕಟ್ಟೆಗೆ ತರುವ ಮನೆತನ. ಮಾವನವರಿಗೆ ಎಪ್ಪತ್ನಾಲ್ಕು ವರ್ಷ. ಕೊಬ್ಬರಿಯ ಉಂಡೆಯನ್ನು ಅಂಗೈಯಲ್ಲಿ ಒಂದು ಸುತ್ತು ತಿರುಗಿಸಿ, ಇದರೊಳಗೆ ಕೌಟು ಹಿಡಿದು ಕೆಟ್ಟಿದೆ, ಇದು ಚೆನ್ನಾಗಿದೆ ಅಂತ ಬಣ್ಣ ನೋಡಿಯೇ ಬೇರೆ ಮಾಡುತ್ತಿದ್ದರು. ಅವರು ಆರಿಸಿದ ಚೀಲವನ್ನು ಮಂಡಿಯವರು ಬಿಚ್ಚಿ ನೋಡುತ್ತಿರಲಿಲ್ಲ. ಅವರ ಬಳಿ ಒಂದು ಹಳೆಯ ಬಿಳಿ ಕಾರಿತ್ತು. ಮಠಕ್ಕೆ, ಮಾರುಕಟ್ಟೆಗೆ, ಮಾದಿಹಳ್ಳಿಯಲ್ಲಿರುವ ತಂಗಿಯ ಮನೆಗೆ, ಎಲ್ಲಿಗೇ ಆಗಲಿ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಓಡಿಸುವುದು ಅಂದರೆ ಅದಕ್ಕೆ ಅಷ್ಟು ದೊಡ್ಡ ಮಾತು ಬೇಡ. ಕಾರು ನಡೆಯುತ್ತಿತ್ತು. ಹಾರನಹಳ್ಳಿಯ ಟೆಂಪೋ ಡ್ರೈವರುಗಳು ಮುಂದೆ ಆ ಬಿಳಿ ಕಾರು ಕಂಡರೆ ಬೀಡಿ ಹಚ್ಚಿಕೊಳ್ಳುತ್ತಿದ್ದರಂತೆ.

ಅವರು ಕಾರು ಓಡಿಸುವುದನ್ನು ಬಿಡಬೇಕು ಎಂದು ಮನೆಯವರೆಲ್ಲ ಎರಡು ವರ್ಷದಿಂದ ಹಟ ಹಿಡಿದಿದ್ದರು. ನನ್ನ ಹೆಂಡತಿಗೆ ಅಪ್ಪ ಎಲ್ಲಿ ಗುದ್ದಿಕೊಳ್ಳುತ್ತಾರೋ ಎಂಬ ನಿಜವಾದ ಭಯ. ಅವಳ ತಮ್ಮನಿಗೆ, ಅಂದರೆ ನನ್ನ ಭಾವಮೈದನಿಗೆ, ಕಾರು ತನ್ನ ಕೈಗೆ ಬರಲಿ ಎಂಬ ಅಷ್ಟೇ ನಿಜವಾದ ಆಸೆ. ನನಗೆ ಸ್ವಂತ ಅಭಿಪ್ರಾಯವೇನೂ ಇರಲಿಲ್ಲ. ಹೆಂಡತಿ ಹೌದು ಅಂದಿದ್ದಕ್ಕೆ ಹೌದು ಅಂದಿದ್ದೆ. ಮಾವನವರ ಉತ್ತರ ಮಾತ್ರ ಯಾವಾಗಲೂ ಒಂದೇ ಆಗಿತ್ತು.

"ಕಣ್ಣಿರೋಗಂಟ ಓಡಿಸ್ತೀನಿ. ಕಣ್ ಹೋದ್ ದಿನ ನಾನೇ ಕೀ ತಂದು ಇಡ್ತೀನಿ. ನೀವ್ಯಾರೂ ಕೇಳೋದ್ ಬ್ಯಾಡ."

ಅವರ ಕಣ್ಣು ಹೋಗುವ ಲಕ್ಷಣವೇ ಇರಲಿಲ್ಲ. ಅದು ಹೋಗಲು ನಾವೇ ಕೈ ಹಾಕಬೇಕಾಯಿತು.

ಈ ಹುಚ್ಚಿಗೆ ಬೀಜ ಬಿದ್ದದ್ದು ಬೇಲೂರಿನಲ್ಲಿ. ನೆಂಟರಿಗೆ ದೇವಸ್ಥಾನ ತೋರಿಸಲು ಹೋಗಿದ್ದೆವು. ಜನ ಎಲ್ಲೆಲ್ಲಿಂದಲೋ ಬಂದು ಶಿಲಾಬಾಲಿಕೆಯರ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುವ ಊರಿನಲ್ಲಿ ನಾನೂ ನನ್ನ ಭಾವಮೈದನೂ ದೇವಸ್ಥಾನಕ್ಕೆ ಬೆನ್ನು ತಿರುಗಿಸಿ, ಬೆಂಗಳೂರಿನ ನಂಬರಿದ್ದ ಯಾರದೋ ಕಾರಿನ ಬಂಪರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆವು. ಆ ಕಾರಿನ ಹೆಡ್‌ಲೈಟಿನ ಒಳಗೆ, ಕನ್ನಡಿಯ ಬಟ್ಟಲಿನ ಸುತ್ತ ಇರುವ ಬೆಳ್ಳಿ ಬಣ್ಣದ ಚೌಕಟ್ಟಿಗೆಲ್ಲ ಕಪ್ಪು ಬಳಿದಿದ್ದರು. ಕಾರು ಸಿಟ್ಟಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿರುವ ಹಾಗೆ ಕಾಣುತ್ತಿತ್ತು. ಕಾರಿಗೆ ಯಾರ ಮೇಲೆ ಸಿಟ್ಟು ಬರಬೇಕು ಎಂದು ನಾವಿಬ್ಬರೂ ಯೋಚಿಸಲಿಲ್ಲ. ಭಾವಮೈದ ಅದರ ಫೋಟೋ ಹನ್ನೆರಡು ಸಲ ತೆಗೆದ. ದೇವಸ್ಥಾನದ್ದು ಒಂದು ತೆಗೆದ, ಅದೂ ಕಾರಿನ ಹಿಂದೆ ಬಂದಿದ್ದರಿಂದ.

ಆಮೇಲೆ ಫೋನಿನಲ್ಲಿ ವೀಡಿಯೋ ನೋಡುವ ಕೆಲಸ ಶುರುವಾಯಿತು. ಹೆಡ್‌ಲೈಟು ಬಿಚ್ಚು, ಬಿಸಿ ಮಾಡಿ ಗ್ಲಾಸು ಕಿತ್ತು, ಕನ್ನಡಿಗೆ ಟೇಪು ಅಂಟಿಸಿ, ಸುತ್ತ ಕಪ್ಪು ಹೊಡಿ, ಟೇಪು ತೆಗೆ, ಗ್ಲಾಸು ಮುಚ್ಚು, ಮುಗಿಯಿತು. ಹತ್ತು ನಿಮಿಷದ ವೀಡಿಯೋದಲ್ಲಿ ಯಾವ ದೇಶದ ಮಹಾರಾಯನೋ ನಗುನಗುತ್ತಾ ಮಾಡಿ ಮುಗಿಸಿದ್ದ. ಇದು ಮನೆಯಲ್ಲೇ ಆಗುವಂಥ ಕೆಲಸ ಎಂದು ನಮ್ಮಿಬ್ಬರಿಗೂ ನಂಬಿಕೆ ಬಂತು. ನನ್ನ ಸ್ವಂತ ಕಾರಿಗೆ ಮಾಡಬಹುದಿತ್ತು. ಆದರೆ ಅದು ಇನ್ನೂ ವಾರಂಟಿಯಲ್ಲಿತ್ತು, ಕೈ ಹಾಕಿದರೆ ಕಂಪನಿಯವರು ಒಪ್ಪುವುದಿಲ್ಲ. ಮಾವನವರ ಕಾರಿಗೆ ವಾರಂಟಿ ಇರಲಿಲ್ಲ. ಮೊದಲು ಅದರ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ನನ್ನ ಕಾರು ಮಾಡೋಣ ಎಂದು ಹೇಳಿದವನು ನಾನೇ. ಈಗ ಆ ಮಾತನ್ನು ಭಾವಮೈದ ಹೇಳಿದ ಎಂದು ಬರೆಯಬಹುದಿತ್ತು, ಅವನೇನು ಇದನ್ನು ಓದುವವನಲ್ಲ. ಆದರೆ ಹೇಳಿದ್ದು ನಾನು.

ಕಾರು ನಮಗೆ ಸಿಗಬೇಕಾದರೆ ಮಾವನವರು ಊರಲ್ಲಿರಬಾರದು. ದಸರಾ ರಜೆಯಲ್ಲಿ ಅವರು ಮಠದ ಭಕ್ತರ ಜತೆ ಬಸ್ಸಿನಲ್ಲಿ ನಾಲ್ಕು ದಿನದ ಯಾತ್ರೆಗೆ ಹೊರಟರು. ಬಸ್ಸು ಊರಿನ ತಿರುವು ದಾಟುವ ಮೊದಲೇ ನಾವು ಬಾನೆಟ್ ಎತ್ತಿದ್ದೆವು.

ಹೆಡ್‌ಲೈಟು ಬಿಚ್ಚುವುದು ಸುಲಭವಾಗಿತ್ತು. ಗ್ಲಾಸನ್ನು ಹಿಡಿದಿದ್ದ ಕರಿ ಅಂಟು ಮಾತ್ರ ಜಗ್ಗಲಿಲ್ಲ. ವೀಡಿಯೋದವನು ಓವನ್ನಿನಲ್ಲಿಟ್ಟು ಬಿಸಿ ಮಾಡಿದ್ದ. ಹಾರನಹಳ್ಳಿಯ ಆ ಮನೆಯಲ್ಲಿ ಓವನ್ನು ಎಲ್ಲಿಂದ ಬರಬೇಕು. ನನ್ನ ಹೆಂಡತಿಯ ಹೇರ್ ಡ್ರೈಯರನ್ನು ಹೇಳದೆ ಕೇಳದೆ ತಂದಿದ್ದೆ. ಮಧ್ಯಾಹ್ನದ ತನಕ ನಾವಿಬ್ಬರೂ ಸರದಿಯ ಮೇಲೆ ಹೆಡ್‌ಲೈಟಿಗೆ ತಲೆ ಒಣಗಿಸಿದೆವು. ಎರಡನೆಯದು ಬಿಟ್ಟುಕೊಳ್ಳುವ ಹೊತ್ತಿಗೆ ಡ್ರೈಯರು ಸುಟ್ಟ ವಾಸನೆ ಬಿಟ್ಟು ತಣ್ಣಗಾಯಿತು. ಗ್ಲಾಸು ಕಿತ್ತಾಗ ಒಂದು ಕಡೆ ಸಣ್ಣಗೆ ಸೀಳು ಬಿಟ್ಟಿತ್ತು. ಇದು ಕಾಣುವುದಿಲ್ಲ ಎಂದು ಅವನು ಅಂದ, ನಾನೂ ಅಂದೆ.

ಬಣ್ಣ ಹೊಡೆಯುವುದರಲ್ಲಿ ನಾವು ಮೋಸ ಮಾಡಲಿಲ್ಲ. ಕನ್ನಡಿಯ ಬಟ್ಟಲಿಗೆ ಒಂದಿಂಚೂ ಬಿಡದಂತೆ ಟೇಪು ಅಂಟಿಸಿ, ಹಿತ್ತಲಿನಲ್ಲಿ ಗೋಣಿಚೀಲ ಹಾಸಿ, ಸುತ್ತಲಿನ ಚೌಕಟ್ಟಿಗೆ ಕಪ್ಪು ಸ್ಪ್ರೇ ಹೊಡೆದೆವು. ಬಣ್ಣ ಚೆನ್ನಾಗಿಯೇ ಕೂತಿತು. ಆದರೆ ಒಣಗಿದ ಮೇಲೆ ಟೇಪು ಎಳೆದಾಗ ಅದರ ಜತೆ ಕನ್ನಡಿಯ ಬೆಳ್ಳಿಯೂ ಅಲ್ಲಲ್ಲಿ ಎದ್ದು ಬಂತು. ಬಟ್ಟಲಿನ ಮೇಲೆ ತೊನ್ನಿನ ಹಾಗೆ ಬೂದು ಕಲೆಗಳು. ಉಳಿದ ಕಡೆ ಟೇಪಿನ ಅಂಟು ಹಿಡಿದುಕೊಂಡು ಮಬ್ಬಾಗಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೂ ಅರ್ಧ ಬೆಳಕು ಉಳಿಯುತ್ತಿತ್ತು. ನಿಲ್ಲಿಸುವ ಬುದ್ಧಿ ಇದ್ದವರು ಬಿಚ್ಚುತ್ತಲೇ ಇರಲಿಲ್ಲ.

ಆಗ ಅತ್ತೆ ಹಿತ್ತಲಿಗೆ ಬಂದರು. ನಾವು ಕಳೆಗುಂದಿದ ಬೆಳ್ಳಿ ಬಟ್ಟಲನ್ನು ಹಿಡಿದು ಕೂತಿರುವುದು ನೋಡಿ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ವಿಭೂತಿ ಹಾಕಿ ಉಜ್ಜಿ ಅಂದರು. ಆ ಮನೆಯಲ್ಲಿ ಬೆಳ್ಳಿ ಅಂದರೆ ವಿಭೂತಿ. ಲಿಂಗದ ಕರಡಿಗೆ, ದೀಪದ ಕಂಬ, ಆರತಿ ತಟ್ಟೆ, ಎಲ್ಲವೂ ಹಬ್ಬದ ಹಿಂದಿನ ದಿನ ವಿಭೂತಿಯಲ್ಲಿ ಉಜ್ಜಿಸಿಕೊಂಡು ಫಳಫಳ ಹೊಳೆಯುತ್ತವೆ. ಮೂರು ತಲೆಮಾರಿನಿಂದ ಸುಳ್ಳಾಗದ ವಿದ್ಯೆ ಅದು. ಹೆಡ್‌ಲೈಟಿನ ಕನ್ನಡಿಯಲ್ಲಿ ಇರುವುದು ಬೆಳ್ಳಿಯಲ್ಲ, ಪ್ಲಾಸ್ಟಿಕ್ಕಿನ ಮೇಲೆ ಉಸಿರು ತಾಗಿದಷ್ಟು ತೆಳ್ಳಗೆ ಹಿಡಿಸಿದ ಅಲ್ಯೂಮಿನಿಯಂ ಎಂದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಅದನ್ನು ಎರಡು ಅಂಕದ ಪ್ರಶ್ನೆಯಾಗಿ ಕೇಳಿದ್ದೇನೆ. ಆದರೂ ಅತ್ತೆ ತಂದುಕೊಟ್ಟ ವಿಭೂತಿ ಗಟ್ಟಿಯನ್ನು ನಾನೇ ಪುಡಿ ಮಾಡಿದೆ. ಒದ್ದೆ ಬಟ್ಟೆಗೆ ಹಚ್ಚಿ ಇಬ್ಬರೂ ಒಂದೊಂದು ಬಟ್ಟಲು ಹಿಡಿದುಕೊಂಡು ಶಿವಾ ಅಂತ ಉಜ್ಜಿದೆವು.

ಬೆಳ್ಳಿಯೆಲ್ಲ ಹೋಯಿತು. ತಿಕ್ಕಿದಷ್ಟೂ ಬಟ್ಟೆಗೆ ಬಂತು. ಕೊನೆಗೆ ಕೈಯಲ್ಲಿ ಉಳಿದದ್ದು ವಿಭೂತಿ ಬಣ್ಣದ ಎರಡು ಪ್ಲಾಸ್ಟಿಕ್ ಬಟ್ಟಲು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು, ವಿಭೂತಿಯ ಸಮೇತ.

ಭಾವಮೈದನಿಗೆ ಎದೆಗುಂದುವ ಅಭ್ಯಾಸವಿಲ್ಲ. ಹಿತ್ತಲಿನ ಗೇಟಿಗೆ ಹೊಡೆದು ಮಿಕ್ಕಿದ್ದ ಸಿಲ್ವರ್ ಪೇಂಟಿನ ಡಬ್ಬ ತಂದ. "ಭಾವ, ಇದೂ ಬೆಳ್ಳಿ ಬಣ್ಣ ತಾನೆ. ಎರಡು ಕೋಟ್ ಹೊಡದ್ರೆ ಆಯ್ತು," ಅಂದ. ಗೇಟಿನ ಬಣ್ಣ ಬೆಳಕನ್ನು ಕನ್ನಡಿಯ ಹಾಗೆ ಒಟ್ಟು ಮಾಡಿ ಕಳಿಸುವುದಿಲ್ಲ, ಚೆಲ್ಲಾಡಿಬಿಡುತ್ತದೆ ಎಂದು ಹೇಳಬೇಕಾದವನು ನಾನೊಬ್ಬನೇ. ಸಂಜೆಯಾಗಿತ್ತು, ಸೊಂಟ ನೋಯುತ್ತಿತ್ತು, ಬ್ರಷ್ಷು ಕೊಡು ಅಂದೆ.

ಒಂದು ವಿಷಯ ಉಳಿದಿತ್ತು. ವಿಭೂತಿ ತೊಳೆಯಲು ನೀರು ಹಾಕಿದ್ದರಿಂದ ಗ್ಲಾಸು ಮುಚ್ಚಿದ ಮೇಲೆ ಒಳಗೆಲ್ಲ ಹಬೆ ಕಟ್ಟಿತು. ಅದಕ್ಕೂ ಮನೆಯ ಮದ್ದು ಸಿಕ್ಕಿತು. ತೆಂಗಿನಕಾಯಿಯ ಒಳಗಿನ ನೀರು ಅಟ್ಟದ ಮೇಲೆ ತಾನಾಗಿ ಬತ್ತಿ ಕೊಬ್ಬರಿಯಾಗುವುದಿಲ್ಲವೇ? ಎರಡೂ ಹೆಡ್‌ಲೈಟುಗಳನ್ನು ಅಟ್ಟ ಹತ್ತಿಸಿ ಕಾಯಿಗಳ ನಡುವೆ ಮಲಗಿಸಿದೆವು. ದಿನಕ್ಕೆರಡು ಸಲ ಭಾವಮೈದ ಏಣಿ ಹತ್ತಿ, ಕಾಯಿ ಅಲ್ಲಾಡಿಸಿ ನೋಡುವ ಹಾಗೆ ಹೆಡ್‌ಲೈಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇನ್ನೂ ಒಂದು ದಿನ ಬೇಕು ಎಂದು ವರದಿ ಕೊಡುತ್ತಿದ್ದ. ನಾನು ಕೆಳಗೆ ಏಣಿ ಹಿಡಿದು ತಲೆಯಾಡಿಸುತ್ತಿದ್ದೆ. ನನಗೆ ಎಂಎಸ್ಸಿ ಆಗಿದೆ.

ಮಾವನವರು ಯಾತ್ರೆಯಿಂದ ಬಂದು ಕಾರಿನ ಮುಂದೆ ನಿಂತರು. ಸ್ವಲ್ಪ ಹೊತ್ತು ನೋಡಿ, "ಏನ್ಲಾ, ಕಾರ್ಗೆ ಕಾಡಿಗೆ ಹಚ್ಚಿದೀರಾ," ಅಂತ ಮಗನನ್ನು ಕೇಳಿದರು. ಮಗ ನನ್ನ ಮುಖ ನೋಡಿದ. ಹಳೆಯ ಹೆಡ್‌ಲೈಟು ಮಬ್ಬಾಗಿತ್ತು, ಅದಕ್ಕೆ ಹೊಸದು ಹಾಕಿಸಿದ್ದೇವೆ, ಈಗಿನ ಕಾಲದಲ್ಲಿ ಹೀಗೇ ಕಪ್ಪು ಚೌಕಟ್ಟಿನಲ್ಲೇ ಬರುತ್ತವೆ ಎಂದು ನಾನು ಹೇಳಿದೆ. ಹಿತ್ತಲಲ್ಲಿ ಉಜ್ಜಿದ್ದು ಕೆಲಸಕ್ಕೆ ಬಾರದೆ ಹೊಸದು ತಂದೆವು ಎಂದು ಅತ್ತೆಗೂ ಮೊದಲೇ ಹೇಳಿದ್ದೆವು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಒಂದು ಗಳಿಗೆ ಹೊಸದು ಹಾಕಿಸಿದ್ದೇವೆ ಅನ್ನಿಸಿತು. ಮಾವನವರಿಗೆ ಸಂಕೋಚವಾಯಿತು. ಅಳಿಯ ತಮ್ಮ ಕಾರಿಗೆ ಕೈಯಿಂದ ದುಡ್ಡು ಹಾಕಿ ಮಾಡಿಸಿದ್ದಾನೆ, ಸುಮ್ಮನಿರುವುದು ಹೇಗೆ ಅಂತ ಒಂದು ಚೀಲ ತೆಂಗಿನಕಾಯಿ ಅರಸೀಕೆರೆಯ ನಮ್ಮ ಮನೆಗೆ ಕಳಿಸಿದರು. ಅದರ ಚಟ್ನಿ ನಾನು ಎರಡು ತಿಂಗಳು ತಿಂದೆ.

ಅವರು ಕತ್ತಲಾದ ಮೇಲೆ ಕಾರು ತೆಗೆಯುವುದು ಕಡಿಮೆ. ಹಾಗಾಗಿ ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಭಾನುವಾರ ಮಾದಿಹಳ್ಳಿಯ ತಂಗಿಯ ಮನೆಗೆ ಒಬ್ಬರೇ ಹೋದರು. ತಂಗಿ ಊಟ ಮಾಡಿಸಿ, ಕಾಫಿ ಕುಡಿಸಿ, ಮಾತಾಡಿಸಿ ಬಿಡುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಹಳೇಬೀಡು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ರಸ್ತೆ ಕಾಣದಾಯಿತು. ದೀಪ ಹಾಕಿದ್ದರು. ಎದುರಿಗೆ ಎರಡು ಮಾರು ಬಿಟ್ಟರೆ ಆಚೆಗೆಲ್ಲ ಮಂಜು ಕವಿದ ಹಾಗೆ. ರಸ್ತೆಯ ಪಕ್ಕ ಹಾಕಿದ್ದ ಜಲ್ಲಿಯ ಗುಡ್ಡೆಗೆ ಕಾರಿನ ಎಡಮಗ್ಗುಲು ಸವರಿತು. ಅವರಿಗೆ ಪೆಟ್ಟೇನೂ ಆಗಲಿಲ್ಲ. ಕಾರು ನಿಲ್ಲಿಸಿ, ಹಿಂದಿನಿಂದ ಒಂದು ಟೆಂಪೋ ಬರುವ ತನಕ ಕಾದಿದ್ದು, ಅದರ ಕೆಂಪು ದೀಪ ನೋಡಿಕೊಂಡು ಅದರ ಹಿಂದೆಯೇ ಊರು ಸೇರಿದರು. ಎಷ್ಟು ಟೆಂಪೋಗಳನ್ನು ತಮ್ಮ ಹಿಂದೆ ಕಾಯಿಸಿದ್ದರೋ ಅವರು.

ಮನೆಗೆ ಬಂದವರು ಕೈಕಾಲು ತೊಳೆದು, ಕಾರಿನ ಕೀಯನ್ನು ದೇವರಮನೆಯ ಗೂಡಿನಲ್ಲಿಟ್ಟರಂತೆ. "ಕಣ್ ಹೋಯ್ತು ಕಣ್ರಪ್ಪ. ಹೊಸಾ ದೀಪ ಹಾಕಿದ್ರೂ ಕಾಣಲ್ಲ ಅಂದ್ರೆ ಇನ್ನೇನೈತೆ," ಅಂದರಂತೆ. ಹಾಗೆಂದು ನನ್ನ ಹೆಂಡತಿಗೆ ಅವಳ ತಮ್ಮ ಫೋನ್ ಮಾಡಿ ಹೇಳಿದ. ಅವಳು ಫೋನ್ ಇಟ್ಟು ಅಡಿಗೆಮನೆಯಲ್ಲೇ ನಿಂತು ಅತ್ತಳು. ಅಪ್ಪನಿಗೆ ವಯಸ್ಸಾಯಿತು ಎಂದು ಅಳು, ಕಾರು ಬಿಟ್ಟರು ಎಂದು ನೆಮ್ಮದಿ. ಆಮೇಲೆ ನನ್ನ ಕಡೆ ತಿರುಗಿ, ನೀವು ಹೊಸ ಲೈಟು ಹಾಕಿಸಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ತಪ್ಪನ್ನು ಲೈಟಿನ ಮೇಲೆ ಹಾಕಿ ಇನ್ನೂ ಓಡಿಸುತ್ತಿದ್ದರು ಅಂದಳು.

ನನ್ನ ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ನಿಜ ಹೇಳಿದರೆ ಅವರು ಮತ್ತೆ ಕಾರು ಹತ್ತುತ್ತಾರೆ, ನಾಳೆ ಏನಾದರೂ ಆದರೆ ಆ ಪಾಪ ನನ್ನ ತಲೆಗೆ ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಇದು ಶುದ್ಧ ಬೊಗಳೆ. ನನಗಿದ್ದದ್ದು ಒಂದೇ ಹೆದರಿಕೆ. ಭೌತಶಾಸ್ತ್ರದ ಮೇಷ್ಟ್ರು ಹೆಡ್‌ಲೈಟಿನ ಕನ್ನಡಿಗೆ ವಿಭೂತಿ ಹಾಕಿ ಉಜ್ಜಿದ ಎಂಬ ಸುದ್ದಿ ಅರಸೀಕೆರೆಯಲ್ಲಿ ಎರಡೇ ದಿನಕ್ಕೆ ನನ್ನ ಕ್ಲಾಸಿನ ಕಡೆಯ ಬೆಂಚು ತಲುಪುತ್ತಿತ್ತು. ಭಾವಮೈದನಂತೂ ಬಾಯಿ ಬಿಡುವವನಲ್ಲ. ಕೀ ದೇವರ ಗೂಡಿನಲ್ಲಿ ಒಂದೇ ರಾತ್ರಿ ಇದ್ದದ್ದು, ಬೆಳಿಗ್ಗೆ ಅವನ ಜೇಬಿನಲ್ಲಿತ್ತು.

ಕಾರು ಬಿಟ್ಟರೆ ಕಾರು ಮಾತ್ರ ಹೋಗುತ್ತದೆ ಎಂದು ನಾನು ಎಣಿಸಿದ್ದೆ. ಮುಂದಿನ ಸಲ ಹಾರನಹಳ್ಳಿಗೆ ಹೋದಾಗ ಮಾವನವರು ಪೇಪರು ಓದುತ್ತಿರಲಿಲ್ಲ. ಯಾಕೆ ಅಂದರೆ ಅಕ್ಷರ ಕೂಡುವುದಿಲ್ಲ ಅಂದರು. ಮೊದಲು ಕೂಡುತ್ತಿತ್ತಲ್ಲ ಎಂದು ಅತ್ತೆ ಕೇಳಿದ್ದಕ್ಕೆ, ಆಗ ಗೊತ್ತಿರಲಿಲ್ಲ ಅಂದರಂತೆ. ಅದರ ಮುಂದಿನ ಸಲ ಕೊಬ್ಬರಿ ಆರಿಸುವ ಜಾಗದಲ್ಲಿ ಕೂಲಿಯವರಿದ್ದರು, ಅವರಿರಲಿಲ್ಲ. ಕಣ್ಣಿಲ್ಲದ ನನ್ನಂಥವನು ಆರಿಸಿದ ಚೀಲ ಕಳಿಸಿ ಮಂಡಿಯಲ್ಲಿ ಮರ್ಯಾದೆ ಕಳೆದುಕೊಳ್ಳಲೇ ಅಂತ ಒಳಗೆ ಕೂತಿದ್ದರು. ಅಟ್ಟ ಹತ್ತುವುದು ಬಿಟ್ಟರು. ನಡುಮನೆಯಿಂದ ಬಚ್ಚಲಿಗೆ ಹೋಗುವಾಗ ಗೋಡೆಗೆ ಕೈ ತಾಗಿಸಿಕೊಂಡು ಹೋಗತೊಡಗಿದರು. ಎಪ್ಪತ್ನಾಲ್ಕು ವರ್ಷ ಆ ನಡುಮನೆಯಲ್ಲೇ ಓಡಾಡಿದ ಮನುಷ್ಯ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದು ಹೆಂಡತಿ ಎಷ್ಟು ಸಲ ಕರೆದರೂ, ಇರುವ ಬೆಳಕನ್ನೂ ಅವರು ಕಿತ್ತುಕೊಂಡಾರು ಎಂದು ಬರಲಿಲ್ಲ. ನಾನು ಬಲವಂತ ಮಾಡಲಿಲ್ಲ. ಡಾಕ್ಟರು ಏನು ಹೇಳುತ್ತಾರೆ ಎಂಬುದು ಆ ಮನೆಯಲ್ಲಿ ನನಗೂ ಭಾವಮೈದನಿಗೂ ಮಾತ್ರ ಗೊತ್ತಿತ್ತು.

ಒಂದು ಸಂಜೆ ಅವರ ಕೈ ಗೋಡೆಯ ಮೇಲೆ ಹುಡುಕಾಡುತ್ತಾ ಬಂದು ನನ್ನ ಭುಜಕ್ಕೆ ತಾಗಿತು. ಯಾರು, ಮೇಷ್ಟ್ರೇ ಅಂದರು. ನಾನು ಹೂಂ ಅಂದೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಆದರೂ ಅವತ್ತು ಊಟ ಮಾಡಿಕೊಂಡು ಸುಮ್ಮನೆ ಅರಸೀಕೆರೆಗೆ ವಾಪಸ್ಸು ಬಂದೆ.

ಇಷ್ಟರಲ್ಲಿ ಭಾವಮೈದ ಬಾಣಾವರಕ್ಕೆ ಹೋಗಿ ಬರುವಾಗ ಕತ್ತಲಲ್ಲಿ ಕಾರನ್ನು ಚರಂಡಿಗೆ ಇಳಿಸಿದ. ಅವನ ಹಣೆಗೆ ಒಂದು ಗೀರು ಬಿತ್ತು. ಅಪ್ಪ ಆರು ತಿಂಗಳು ಕುರುಡನಾಗಿದ್ದಾಗ ನೆನಪಾಗದ ಹೆಡ್‌ಲೈಟು ಅವನ ಹಣೆ ಗೀರಿದ ಎರಡೇ ದಿನಕ್ಕೆ ನೆನಪಾಯಿತು. ಹಾಸನದಿಂದ ನಿಜವಾಗಿಯೂ ಹೊಸದಾದ, ಕಪ್ಪಿಲ್ಲದ ಎರಡು ಹೆಡ್‌ಲೈಟು ಬಂದು ಕಾರಿಗೆ ಕೂತವು. ಅರ್ಧ ನಾನು ಕೊಟ್ಟೆ. ನಾವು ಬಣ್ಣ ಹೊಡೆದಿದ್ದವು ಮತ್ತೆ ಅಟ್ಟ ಸೇರಿದವು. ಅವುಗಳ ಒಳಗಿನ ನೀರು ಅವತ್ತಿಗೂ ಬತ್ತಿರಲಿಲ್ಲ.

ಅದಾಗಿ ಹತ್ತು ದಿನಕ್ಕೆ ಮಾದಿಹಳ್ಳಿಯ ತಂಗಿಗೆ ಹುಷಾರಿಲ್ಲ ಎಂದು ಗೊತ್ತಾಯಿತು. ಮಾವನವರು ನೋಡಿಕೊಂಡು ಬರಬೇಕು ಅಂದರು. ಭಾವಮೈದನಿಗೆ ತೋಟದಲ್ಲಿ ಕಾಯಿ ಕೀಳಿಸುವ ಕೆಲಸವಿತ್ತು, ನಾನು ಕರೆದುಕೊಂಡು ಹೊರಟೆ. ಕಾರು ಹತ್ತುವ ಮೊದಲು ಮಾವನವರು ಅದರ ಮುಂದೆ ಒಂದು ಗಳಿಗೆ ನಿಂತಿದ್ದರು. ಬಾಗಿಲು ಹುಡುಕುತ್ತಿದ್ದಾರೆ ಎಂದುಕೊಂಡು ನಾನು ಹೋಗಿ ಕೈ ಹಿಡಿದು ಪಕ್ಕದ ಸೀಟಿನಲ್ಲಿ ಕೂರಿಸಿದೆ.

ತಂಗಿ ಹುಷಾರಾಗಿದ್ದರು. ಊಟ, ಕಾಫಿ, ಮಾತು ಎಲ್ಲ ಆಗಿ ಹೊರಟಾಗ ಮತ್ತೆ ಸೂರ್ಯ ಮುಳುಗಿದ್ದ. ಹಳೇಬೀಡು ದಾಟಿದೆವು. ನಾನು ಹೆಡ್‌ಲೈಟು ಹಾಕಿದೆ. ರಸ್ತೆ ಹಾಸಿದ ಹಾಗೆ ತೆರೆದುಕೊಂಡಿತು. ಕಾಲೇಜಿನ ಯಾವುದೋ ರಾಜಕೀಯ ಹೇಳುತ್ತಾ ನಾನು ಸ್ವಲ್ಪ ಜೋರಾಗಿಯೇ ಓಡಿಸುತ್ತಿದ್ದೆ.

"ನಿಧಾನ. ಮುಂದೆ ಎಮ್ಮೆ ಐತೆ," ಅಂದರು ಮಾವನವರು.

ನನಗೆ ಯಾವ ಎಮ್ಮೆಯೂ ಕಾಣಲಿಲ್ಲ. ಆದರೂ ಬ್ರೇಕಿನ ಮೇಲೆ ಕಾಲಿಟ್ಟೆ. ಇನ್ನೂ ಐವತ್ತು ಮಾರು ಹೋದ ಮೇಲೆ ಹುಣಿಸೆಮರದ ಕೆಳಗಿನಿಂದ ಕರಿ ಎಮ್ಮೆಯೊಂದು ಕರಿ ರಸ್ತೆಗೆ ಆರಾಮಾಗಿ ಇಳಿಯಿತು. ಕಾರು ನಿಂತಿತು. ಎಮ್ಮೆ ನಮ್ಮಿಬ್ಬರನ್ನೂ ನೋಡಿ, ನನ್ನನ್ನು ಸ್ವಲ್ಪ ಹೆಚ್ಚಾಗಿ ನೋಡಿ, ದಾಟಿ ಹೋಯಿತು. ನಾನು ಕಾರು ಮುಂದೆ ಬಿಡಲಿಲ್ಲ.

"ಮೇಷ್ಟ್ರೇ, ಕಾರಿನ ಕಾಡಿಗೆ ಯಾವಾಗ ಒರೆಸಿದ್ರಿ?" ಅಂದರು. ಅವರು ಮುಂದಕ್ಕೇ ನೋಡುತ್ತಿದ್ದರು.

ಆಗ ನಾನು ಹೇಳಿದೆ. ಬೇಲೂರಿನಿಂದ ಹಿಡಿದು ಹೇಳಿದೆ. ಡ್ರೈಯರು, ಟೇಪು, ವಿಭೂತಿ, ಗೇಟಿನ ಬಣ್ಣ, ಅಟ್ಟ, ಆಮೇಲೆ ಹೊಸದು ಹಾಕಿಸಿದ್ದೇವೆ ಎಂದ ಸುಳ್ಳು, ಅವರ ಕಣ್ಣಿಗೆ ಏನೂ ಆಗಿಲ್ಲ ಎಂದು ಮೊದಲ ದಿನದಿಂದಲೇ ಗೊತ್ತಿದ್ದದ್ದು, ಏನನ್ನೂ ಬಿಡಲಿಲ್ಲ. ಭಾವಮೈದನ ಪಾಲು ಎಷ್ಟಿತ್ತೋ ಅಷ್ಟೇ ಹೇಳಿದೆ. ನನ್ನ ಜೀವನದಲ್ಲಿ ಮಾಡಿದ ಪಾಠಗಳಲ್ಲೆಲ್ಲ ಅದೇ ಸ್ಪಷ್ಟವಾಗಿತ್ತು. ಮುಗಿದ ಮೇಲೆ ಮಾವನವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ಆರು ತಿಂಗ್ಳು ನನ್ ಮನೇಲಿ ನಾನೇ ಗೋಡೆ ಹಿಡ್ಕಂಡು ಓಡಾಡಿದೀನಿ, ಮೇಷ್ಟ್ರೇ," ಅಂದರು.

ನನಗೆ ಅಳು ಬಂತು. ತಪ್ಪಾಯಿತು ಎಂದು ಅಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅದು ಅವರಿಗೆ ಕೇಳಿಸುವಷ್ಟು ಜೋರಾಗಿ ಇರಲಿಲ್ಲ.

ಅವರು ಬಾಗಿಲು ತೆಗೆದುಕೊಂಡು ಇಳಿದರು. ಯಾವುದನ್ನೂ ಹಿಡಿದುಕೊಳ್ಳದೆ ಕಾರಿನ ಮುಂದಿನಿಂದ ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು. ನಾನು ಇಳಿದೆ. ಅವರು ಸ್ಟೇರಿಂಗ್ ಮುಂದೆ ಕೂತು, ಸೀಟನ್ನು ತಮ್ಮ ಕಾಲಿಗೆ ಸರಿ ಮಾಡಿಕೊಂಡರು. ಹತ್ತಿ ಕೂರುತ್ತೇನೆ ಎಂದು ನಾನು ಆ ಕಡೆ ಹೊರಟರೆ ತಡೆದರು. ನಿಮ್ಮ ಮಾತು ಇನ್ನು ನಾನು ಹೇಗೆ ನಂಬಲಿ, ಕಣ್ಣು ಐತೋ ಇಲ್ಲವೋ ನಾನೇ ನೋಡ್ಕೋಬೇಕು ಅಂದರು. ನಾನು ದೀಪದ ಬೆಳಕಿನಲ್ಲಿ ಮುಂದೆ ನಡೆಯಬೇಕು, ಇಪ್ಪತ್ತು ಹೆಜ್ಜೆಗೊಂದು ಸಲ ನಿಂತು, ತಿರುಗಿ, ಕೈ ಎತ್ತಿ ಬೆರಳು ತೋರಿಸಬೇಕು. ಎಷ್ಟು ಬೆರಳು ಎಂದು ಅವರು ಹೇಳುತ್ತಾರೆ.

ನಾನು ನಡೆದೆ. ಇಪ್ಪತ್ತು ಹೆಜ್ಜೆಗೆ ಮೂರು ಬೆರಳು ಎತ್ತಿದೆ. ಮೂರು ಎಂದು ಕಾರಿನಿಂದ ದನಿ ಬಂತು. ನಲವತ್ತಕ್ಕೆ ಒಂದು. ಒಂದು ಅಂದರು. ಅಷ್ಟರಲ್ಲಿ ಹಳೇಬೀಡಿನ ಕಡೆಯಿಂದ ಬಂದ ಬೈಕೊಂದು ನನ್ನ ಪಕ್ಕ ನಿಂತಿತು. ಓಡಿಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಏನು ಸಾರ್ ಇಲ್ಲಿ ಅಂದ. ಪ್ರಾಕ್ಟಿಕಲ್ಸ್ ಕಣಪ್ಪ ಅಂದೆ. ಅವನು ನನ್ನ ಎತ್ತಿದ ಕೈಯನ್ನೂ ದೂರದ ಕಾರನ್ನೂ ನೋಡಿ, ಹೆಚ್ಚು ಕೇಳದೆ ಹೊರಟುಹೋದ. ಅರಸೀಕೆರೆಯ ಕಡೆಯ ಬೆಂಚಿಗೆ ಇನ್ನು ತಡವಿಲ್ಲ ಎಂದು ಗೊತ್ತಾಯಿತು. ಆಶ್ಚರ್ಯವೆಂದರೆ ನನಗೆ ಅದು ಅಷ್ಟೇನೂ ತಾಗಲಿಲ್ಲ.

ಅರವತ್ತಕ್ಕೆ ನಾಲ್ಕು. ಎಂಬತ್ತಕ್ಕೆ ಎರಡು. ಅಲ್ಲಿಂದ ನನಗೆ ಕಾರು ಕಾಣುತ್ತಿರಲಿಲ್ಲ, ಎರಡು ದೀಪ ಮಾತ್ರ. ಎರಡು ಎಂದು ಕೂಗಿದ ದನಿ ಆರು ತಿಂಗಳ ಹಿಂದಿನ ದನಿಯ ಹಾಗಿತ್ತು, ಕೊಬ್ಬರಿ ಆರಿಸುವಾಗ ಕೂಲಿಯವರಿಗೆ ಹೇಳುತ್ತಿದ್ದರಲ್ಲ, ಆ ದನಿ. ನಾನು ಇನ್ನೂ ಇಪ್ಪತ್ತು ಹೆಜ್ಜೆ ನಡೆದೆ. ತಿರುಗಿ ನಿಂತೆ. ಎಷ್ಟು ಬೆರಳು ಎತ್ತಬೇಕೆಂದು ಹೊಳೆಯಲಿಲ್ಲ. ಎರಡೂ ಕೈ ಜೋಡಿಸಿದೆ.

ಅದಕ್ಕೆ ಅವರು ಲೆಕ್ಕ ಹೇಳಲಿಲ್ಲ. ಆಮೇಲೆ ಕಾರು ಸ್ಟಾರ್ಟಾಗಿ, ತನ್ನ ಹಳೆಯ ನಡಿಗೆಯಲ್ಲಿ ಬಂದು, ನನ್ನನ್ನು ದಾಟಿ, ನಾಲ್ಕು ಮಾರು ಮುಂದೆ ನಿಂತಿತು.

"ಮೇಷ್ಟ್ರೇ, ಹಿಂದ್ಗಡೆ ಸೀಟಲ್ಲಿ ಕೂತ್ಕಳಿ," ಅಂದರು.